ಶಾಮಣ್ಣ ಸಾಹೇಬರು ನಕ್ಷೆ ಬರೆದ ಚಳಿಗಾಲ

ದೀಪಾವಳಿ ಮುಗಿದ ಮೇಲೆ ದೂರದ ಸಂಬಂಧಿಕರ ಮದುವೆಯೊಂದಕ್ಕೆ ಹಿರೇಕೆರೂರಿಗೆ ಹೋಗಿದ್ದೆ. ಹಾವೇರಿಯ ಬಸ್ಸಿನಿಂದ ಇಳಿದು ತಂಗಿಯ ಜೊತೆ ಸಂತೆ ಬಯಲಿನ ಪಕ್ಕದಲ್ಲಿ ನಡೆಯುತ್ತಿದ್ದಾಗ, ಹಮಾಲರು ಗೋವಿನಜೋಳದ ರಾಶಿಗಳ ಮೇಲಿನ ತಾಡಪತ್ರಿಗಳನ್ನು ಎಳೆದು ಬಿಸಿಲಿಗೆ ಹರವುತ್ತಿದ್ದರು. ಹಿಂದಿನ ದಿನ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಿದ್ದಿತ್ತಂತೆ. ತಾಡಪತ್ರಿಗಳಲ್ಲಿ ಬಹುಪಾಲು ಈಗಿನ ನೀಲಿ ಪ್ಲಾಸ್ಟಿಕ್ಕಿನವು. ಒಂದು ಮಾತ್ರ ಹಳೆಯ ಕಾಲದ ದಪ್ಪ ಕ್ಯಾನ್ವಾಸಿನದು. ಅದನ್ನು ಕೊಡವಿದಾಗ ಮೇಣ, ಮಣ್ಣು, ಮುಗ್ಗು ಬೆರೆತ ವಾಸನೆಯೊಂದು ಎದ್ದು ಬಂತು. ನಾನು ಅಲ್ಲೇ ನಿಂತುಬಿಟ್ಟೆ.

"ಯಾಕೋ ಅಣ್ಣಾ, ಎದಿ ಏನರ ನೋಯಲಿಕ್ಕತ್ತದೇನು?" ಎಂದು ತಂಗಿ ಗಾಬರಿಯಾದಳು.

"ಏನಿಲ್ಲ, ಡೇರೆದ ವಾಸನಿ ಬಂತು" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳು ನನ್ನ ಕೈಚೀಲವನ್ನು ತಾನೇ ಇಸಿದುಕೊಂಡು ಮುಂದೆ ನಡೆದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲವನ್ನು ನಾನು ಅಂಥ ಡೇರೆಗಳಲ್ಲಿ ಕಳೆದೆ. ಮೊದಲು ಹಾನಗಲ್ಲು, ಆಮೇಲೆ ಶಿಗ್ಗಾಂವಿ, ಸವಣೂರು, ಕೊನೆಗೆ ಹಿರೇಕೆರೂರು. ನಾನು ಆಗ ಕೇಂದ್ರ ಸರ್ಕಾರದ ಸರ್ವೆ ಇಲಾಖೆಯಲ್ಲಿದ್ದೆ. ಸ್ನೇಹದ ದೇಶಗಳ ಸೈನ್ಯದ ಅಧಿಕಾರಿಗಳು ನಕ್ಷೆ ಬರೆಯುವುದನ್ನು ಕಲಿಯಲು ನಮ್ಮಲ್ಲಿಗೆ ಬರುತ್ತಿದ್ದರು. ಅದು ಸರ್ಕಾರ ಸರ್ಕಾರಗಳ ನಡುವಿನ ಒಪ್ಪಂದ. ಪಾಠವೆಲ್ಲ ನಗರದ ತರಬೇತಿ ಕೇಂದ್ರದಲ್ಲಿ ಮುಗಿದ ಮೇಲೆ ಒಂದು ಹಂಗಾಮು ಬಯಲಿನಲ್ಲಿ ನಿಂತು ಕೆಲಸ ಮಾಡಬೇಕು. ಆ ವರ್ಷ ಬಯಲಿನ ಕೆಲಸಕ್ಕೆ ಆರಿಸಿದ್ದು ನಮ್ಮ ಈ ನಾಲ್ಕು ತಾಲೂಕುಗಳನ್ನು.

ಅಧಿಕಾರಿಗಳಿಗೆ ಕಲಿಸುವುದು ನನ್ನ ಕೆಲಸವಾಗಿರಲಿಲ್ಲ. ಅದಕ್ಕೆ ಪಂಜಾಬದ ಒಬ್ಬ ಮೇಜರ್ ಸಾಹೇಬರಿದ್ದರು. ಅಧಿಕಾರಿಗಳ ಕೈಕೆಳಗೆ ದುಡಿಯುವ ಜನರನ್ನು ತಯಾರು ಮಾಡುವುದು, ಆಮೇಲೆ ಆ ಜನರನ್ನು ಹಂಗಾಮು ಮುಗಿಯುವವರೆಗೆ ಸಂಭಾಳಿಸುವುದು ನನ್ನ ಪಾಲಿಗೆ ಬಂದಿತ್ತು. ಊರೂರಿನಿಂದ ಖಲಾಸಿಗಳನ್ನು, ಅಂದರೆ ಸಾಮಾನು ಹೊರುವ, ಬಾವುಟ ಹಿಡಿಯುವ, ಗಿಡಗಂಟಿ ಸವರಿ ನೋಟಕ್ಕೆ ದಾರಿ ಮಾಡುವ ಆಳುಗಳನ್ನು ಹಂಗಾಮಿಯಾಗಿ ತೆಗೆದುಕೊಳ್ಳಬೇಕು. ಅಡಿಗೆಯವರು, ಡ್ರೈವರುಗಳು ಬೇರೆ. ನನ್ನ ಊರು ಸವಣೂರು. ಈ ಸೀಮೆಯ ಮಾತು ಬಲ್ಲವನು ಎಂದು ನನ್ನನ್ನು ಹಾಕಿದರು.

ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ನನ್ನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಎಲ್ಲಿಗಾದರೂ ದೂರ ಹಾಕಿ ಎಂದು ನಾನು ಮೇಲಿನವರನ್ನು ಕೇಳಿಕೊಂಡಿದ್ದೆ. ಅವರು ಹಾಕಿದ್ದು ನನ್ನ ಊರ ಬಾಗಿಲಿಗೇ. ಬೇಡ ಎನ್ನುವಷ್ಟು ಮನಸ್ಸೂ ನನ್ನಲ್ಲಿ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಾಗಲಿ, ಆಮೇಲಿನ ಕರ್ಮಗಳಲ್ಲಾಗಲಿ ನನಗೆ ಅಳು ಬಂದಿರಲಿಲ್ಲ. ಜನ ಅದನ್ನು ಧೈರ್ಯ ಅಂದುಕೊಂಡರು. ಬಹಳ ಹೊತ್ತು ಕುಳಿತ ಕಾಲನ್ನು ನೆಲಕ್ಕೆ ಊರಿದರೆ ನೆಲ ಮುಟ್ಟಿದ್ದೇ ಗೊತ್ತಾಗುವುದಿಲ್ಲವಲ್ಲ, ಆ ಥರ ಇತ್ತು. ಬೆಳಿಗ್ಗೆ ಎದ್ದರೆ ಎದ್ದೆ, ಉಂಡರೆ ಉಂಡೆ.

ಹಾನಗಲ್ಲಿನ ಸುತ್ತ ಆಗ ಭತ್ತದ ಕೊಯ್ಲು ನಡೆದಿತ್ತು. ಕೆರೆಯ ಕೆಳಗೆ ಡೇರೆ ಹಾಕಿ ಖಲಾಸಿಗಳಿಗೆ ಕಲಿಸಲು ಸುರುಮಾಡಿದೆ. ಅಳತೆಯ ಕಡ್ಡಿಯನ್ನು ನೆಟ್ಟಗೆ ಹಿಡಿಯುವುದು, ಬಾವುಟದ ಸನ್ನೆ ನೋಡಿ ಎಡಕ್ಕೆ ಬಲಕ್ಕೆ ಸರಿಯುವುದು, ದುರ್ಬೀನಿನ ಪೆಟ್ಟಿಗೆಯನ್ನು ಎಲ್ಲೂ ಧೊಪ್ಪೆಂದು ಇಡದಿರುವುದು. ಅದಕ್ಕಿಂತ ಕಷ್ಟದ್ದು ಬೇರೆ ಇತ್ತು. ಪರದೇಶದ ಅಧಿಕಾರಿ ಏನೋ ಕೇಳುತ್ತಾನೆ, ತಿಳಿಯಲಿಲ್ಲ, ಆಗ ಮರ್ಯಾದೆಗೆಂದು ತಲೆಯಾಡಿಸಬಾರದು. ತಿಳಿಯಲಿಲ್ಲ ಎಂದು ಕೈ ಮೇಲೆತ್ತಬೇಕು. ನಮ್ಮ ಜನಕ್ಕೆ ದೊಡ್ಡವರ ಎದುರು ತಿಳಿಯಲಿಲ್ಲ ಅನ್ನುವುದು ಬೈದಷ್ಟು ಕಷ್ಟ. ಬಕ್ಷೀಸು ತೆಗೆದುಕೊಳ್ಳಬಾರದು, ಸಂಜೆ ನಕ್ಷೆಗಳನ್ನೆಲ್ಲ ಎಣಿಸಿ ಪೆಟ್ಟಿಗೆಗೆ ಹಾಕುವ ತನಕ ಡೇರೆ ಬಿಟ್ಟು ಕದಲಬಾರದು ಎಂಬುದನ್ನೂ ಹೇಳಿಕೊಟ್ಟೆ.

ಅವರಲ್ಲಿ ಹಿರಿಯ ಚಿಕ್ಕೇರೂರಿನ ದುರ್ಗಪ್ಪ. ಐವತ್ತರ ಆಸುಪಾಸಿನವನು, ರಸ್ತೆ ಕೆಲಸದ ಗ್ಯಾಂಗಿನಲ್ಲಿ ದುಡಿದು ಬಂದವನು. ಅವನ ಮನೆತನ ಬೌದ್ಧ ಧರ್ಮಕ್ಕೆ ಸೇರಿತ್ತು. ಮೊದಲ ದಿನದ ಊಟಕ್ಕೆ ಅವನು ಸಾಲಿನಲ್ಲಿ ಕುಳಿತಾಗ ಉಳಿದವರು ಸ್ವಲ್ಪ ದೂರ ಸರಿದು ಕುಳಿತರು. ಸರ್ಕಾರದ ಅಡಿಗೆ ಒಂದೇ, ಸಾಲೂ ಒಂದೇ, ಆಗದವರು ಮನೆಗೆ ಹೋಗಬಹುದು ಎಂದೆ. ಆವೇಶದಿಂದ ಹೇಳಿದ ಮಾತಲ್ಲ. ನಿಯಮ ಓದಿದ ಹಾಗೆ ಹೇಳಿದೆ. ಇಬ್ಬರು ಅವತ್ತೇ ಗಂಟು ಕಟ್ಟಿಕೊಂಡು ಹೋದರು. ಆಗ ಅಧಿಕಾರಿಗಳ ಡೇರೆಯ ಕಡೆಯಿಂದ ಬಂದ ಎತ್ತರದ ಒಬ್ಬ ಹುಡುಗಮುಖದ ಲೆಫ್ಟಿನೆಂಟ್, ಏನು ನಡೆದಿದೆ ಎಂದು ತಿಳಿಯದೆಯೇ, ದುರ್ಗಪ್ಪನ ಪಕ್ಕದ ಖಾಲಿ ಜಾಗದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು ತನಗೂ ಒಂದು ರೊಟ್ಟಿ ಕೊಡಿ ಎಂದು ಕೈ ಚಾಚಿದ. ಅವನಿಗೆ ಹಸಿವಾಗಿತ್ತು, ಅಷ್ಟೇ.

ಅವನ ಹೆಸರು ಸ್ಯಾಮ್ಯುಯೆಲ್. ಆಫ್ರಿಕಾದ ಒಂದು ಸಣ್ಣ ದೇಶದವನು. ಅದೇ ದೇಶದಿಂದ ಬಂದ ಇನ್ನೊಬ್ಬರು ಅವನಿಗಿಂತ ಮೇಲಿನ ದರ್ಜೆಯ ಕ್ಯಾಪ್ಟನ್ ಮೋಸೆಸ್. ದುರ್ಗಪ್ಪನನ್ನು ಸ್ಯಾಮ್ಯುಯೆಲ್ ಜೊತೆಗೆ ಹಾಕಿದೆ. ವಾರ ಕಳೆಯುವುದರಲ್ಲಿ ಖಲಾಸಿಗಳ ಬಾಯಲ್ಲಿ ಅವನು ಶಾಮಣ್ಣ ಸಾಹೇಬರಾದ.

"ಶಾಮಣ್ಣ ಸಾಹೇಬ್ರಿಗೆ ಕನ್ನಡ ಬರಾಕತ್ತೇತ್ರಿ" ಎಂದು ದುರ್ಗಪ್ಪ ಒಂದು ದಿನ ಹೆಮ್ಮೆಯಿಂದ ಹೇಳಿದ.

"ಏನ್ ಕಲಿತಾರ?"

"'ಸಾಕು' ಅಂತಾರ್ರಿ, 'ಬ್ಯಾಡ' ಅಂತಾರ್ರಿ, 'ಇನ್ನೊಂದು' ಅಂತಾರ್ರಿ. ಊಟಕ್ಕ ಇಷ್ಟ ಬಂದ್ರ ಸಾಕಲ್ಲೇನ್ರಿ?"

ಎಲ್ಲರೂ ನಕ್ಕರು. ನಾನು ಹಾಜರಿ ಕೂಗುವುದನ್ನು ಮುಂದುವರಿಸಿದೆ. ನಾನು ನನ್ನ ಡೇರೆಯಲ್ಲೇ ಒಬ್ಬನೇ ಉಣ್ಣುತ್ತಿದ್ದೆ. ಮಡಿಯ ಸಲುವಾಗಿ ಅಲ್ಲ, ಯಾರ ಜೊತೆಗೂ ಕೂಡುವ ಮನಸ್ಸಿರಲಿಲ್ಲ. ವೈಷ್ಣವರ ಮನೆಯವರು, ಮಡಿ ಇರಬೇಕು ಎಂದು ಖಲಾಸಿಗಳು ತಿಳಿದಿದ್ದರು. ನಾನು ತಿದ್ದಲು ಹೋಗಲಿಲ್ಲ.

ಶಿಗ್ಗಾಂವಿಯ ಕಡೆ ಜೋಳ ಎದೆಯೆತ್ತರ ನಿಂತಿತ್ತು. ನೋಟಕ್ಕೆ ಅಡ್ಡ ಬಂದ ದಂಟುಗಳನ್ನು ಮುರಿದರೆಂದು ರೈತರ ಜೊತೆ ಜಗಳಗಳಾದವು. ಅವರನ್ನು ಸಮಾಧಾನ ಮಾಡುವುದರಲ್ಲೇ ಅಲ್ಲಿನ ದಿನಗಳು ಮುಗಿದವು. ಸವಣೂರಿಗೆ ಬಂದ ಮೇಲೆ ಒಂದು ರವಿವಾರ ಸ್ಯಾಮ್ಯುಯೆಲ್ ನನ್ನ ಡೇರೆಗೆ ಬಂದು, "ನಿಮ್ಮ ಊರಂತೆ, ತೋರಿಸುವುದಿಲ್ಲವೇ?" ಎಂದು ಕೇಳಿದ. ಇಲ್ಲ ಅನ್ನಲು ಕಾರಣ ಹೊಳೆಯಲಿಲ್ಲ.

ಮಠದ ಆವರಣದ ದೊಡ್ಡಹುಣಸೆ ಮರಗಳ ಹತ್ತಿರ ಕರೆದುಕೊಂಡು ಹೋದೆ. ಹೊರಗಿನವರಿಗೆ ನಾವು ತೋರಿಸುವುದು ಅದನ್ನೇ. ಆನೆಯ ಮೈಯಂಥ ಆ ಬುಡಗಳನ್ನು ಕಂಡದ್ದೇ ಅವನ ನಡಿಗೆ ನಿಧಾನವಾಯಿತು. ಹತ್ತಿರ ಹೋಗಿ ಒಂದರ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತ.

"ಇದು ಇಲ್ಲಿಗೆ ಹೇಗೆ ಬಂತು?" ಎಂದು ಕೇಳಿದ.

"ಯಾರೋ ಸಾಧುಗಳು ತಂದು ಹಚ್ಚಿದರಂತೆ. ಇದು ನಿಮ್ಮ ಕಡೆಯ ಮರ ಎಂದು ಬಲ್ಲವರು ಹೇಳುತ್ತಾರೆ."

"ನಮ್ಮ ಮನೆಯ ಹಿಂದೆಯೇ ಇದೆ. ನಮ್ಮ ಅಣ್ಣ ಅದರ ಪೊಟರೆಯಲ್ಲಿ ನನ್ನನ್ನು ಕೂರಿಸಿ ಹೆದರಿಸುತ್ತಿದ್ದ." ಅಣ್ಣನ ಬಗ್ಗೆ ಅವನಿಗೆ ಬಹಳ ಅಭಿಮಾನ. ಅಣ್ಣ ಅವರ ದೇಶದ ಅಧ್ಯಕ್ಷರ ಕಾವಲು ಪಡೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದ. ಅವನನ್ನು ನೋಡಿಯೇ ಇವನೂ ಸೈನ್ಯ ಸೇರಿದ್ದು.

ಮಧ್ಯಾಹ್ನ ಮನೆಗೆ ಕರೆದೊಯ್ದೆ. ಅವ್ವ ಪಡಸಾಲೆಯಲ್ಲಿ ಅವನಿಗೆ ಎಲೆ ಹಾಕಿದಳು. ನಮ್ಮ ತಂದೆ ಇದ್ದ ಕಾಲದಲ್ಲಿ ಶಾಸ್ತ್ರ ಕಲಿಯಲು ಬಂದ ಹುಡುಗರು ಕೂಡುತ್ತಿದ್ದ ಜಾಗ ಅದು. ತೊವ್ವೆ ಅನ್ನ ಬಡಿಸುತ್ತ ಅವ್ವ, "ಅವ್ವ ಇದ್ದಾಳೇನೋ ಇವಗ? ಕೇಳು" ಅಂದಳು. ಕೇಳಿದೆ. ಇದ್ದಾಳೆ, ಇಬ್ಬರು ತಂಗಿಯರೂ ಇದ್ದಾರೆ ಎಂದ. "ಹಂಗಾರ ಇನ್ನೊಂದಿಷ್ಟು ತುಪ್ಪಾ ಹಾಕ್ತೀನಿ" ಎಂದು ಅವ್ವ ಅವನ ಅನ್ನದ ಮೇಲೆ ಸೌಟು ಬಗ್ಗಿಸಿದಳು.

ಗೋಡೆಯ ಮೇಲೆ ಹಾರ ಹಾಕಿದ ಭಾವಚಿತ್ರವಿತ್ತು. ಅವನು ಅದನ್ನೇ ನೋಡುತ್ತಿದ್ದ.

"ನನ್ನ ಹೆಂಡತಿ" ಅಂದೆ. "ಈ ಬೇಸಿಗೆಯಲ್ಲಿ ಹೋದಳು."

ಅವನು ಎಲೆಯಿಂದ ಕೈಯೆತ್ತಿದ. "ಈ ಬೇಸಿಗೆಯಲ್ಲೇ? ನೀವು ಆಗಲೇ ಕೆಲಸಕ್ಕೆ ಬಂದಿರಾ? ನಮ್ಮಲ್ಲಿ ಅಂಥವನ ಹೊಲವನ್ನು ಒಂದು ಬೆಳೆ ಬರುವವರೆಗೆ ನೆರೆಯವರು ಮಾಡಿಕೊಡುತ್ತಾರೆ. ಅವನು ಸುಮ್ಮನೆ ಕೂತಿರಬೇಕು."

"ನಮ್ಮಲ್ಲಿ ಹದಿಮೂರನೆಯ ದಿನಕ್ಕೆ ಮುಗಿಯುತ್ತದೆ" ಅಂದೆ. ಅವ್ವ ಒಳಗೆ ಹೋದಳು.

ಸಂಕ್ರಾಂತಿ ಕಳೆದ ಮೇಲೆ ಹಿರೇಕೆರೂರು ತಾಲೂಕಿಗೆ ಬಂದೆವು. ಹಂಸಭಾವಿಯ ಹತ್ತಿರ ಡೇರೆಗಳು. ಆಗ ಅಲ್ಲಿ ಈಗಿನಂತೆ ಗೋವಿನಜೋಳ ಇರಲಿಲ್ಲ. ಹತ್ತಿ ಒಡೆದು ಹೊಲಗಳು ಬೆಳ್ಳಗಿದ್ದವು, ಬಿಡಿಸುವ ಹೆಂಗಸರ ಮಾತು ಗುಡ್ಡದ ಮೇಲಕ್ಕೂ ಕೇಳಿಸುತ್ತಿತ್ತು. ಕೋರ್ಸಿನ ಕೊನೆಯ ಪರೀಕ್ಷೆಯೆಂದರೆ ಒಬ್ಬೊಬ್ಬರೂ ತಮ್ಮ ಪಾಲಿನ ನೆಲದ ನಕ್ಷೆಯನ್ನು ತಾವೇ ಮುಗಿಸಿ ಕೊಡುವುದು. ಸ್ಯಾಮ್ಯುಯೆಲ್‌ನ ಪಾಲಿಗೆ ಒಂದು ಬೋಳುಗುಡ್ಡ ಮತ್ತು ಅದರ ಕೆಳಗಿನ ಹಳ್ಳ ಬಂದಿದ್ದವು.

ಒಂದು ಬೆಳಿಗ್ಗೆ ನಾಷ್ಟಾದ ಹೊತ್ತಿಗೆ ಅವನ ಟ್ರಾನ್ಸಿಸ್ಟರಿನಲ್ಲಿ ಸುದ್ದಿ ಬಂತು. ಅವರ ದೇಶದಲ್ಲಿ ಸೈನ್ಯದ ಒಂದು ಗುಂಪು ಅಧಿಕಾರ ಹಿಡಿದಿತ್ತು. ಅಧ್ಯಕ್ಷರ ಕಾವಲಿಗಿದ್ದ ಅಧಿಕಾರಿಗಳನ್ನು ಗುಂಡಿಟ್ಟು ಕೊಂದಿದ್ದರು. ಹೆಸರು ಓದಿದರು. ಅದರಲ್ಲಿ ಅವನ ಅಣ್ಣನ ಹೆಸರಿತ್ತು. ಕ್ಯಾಪ್ಟನ್ ಮೋಸೆಸ್ ಎದ್ದು ತಮ್ಮ ಡೇರೆಗೆ ಹೋದರು. ಅಧಿಕಾರ ಹಿಡಿದವರು ಮೋಸೆಸ್ ಅವರ ಕಡೆಯ ಜನ.

ಸ್ಯಾಮ್ಯುಯೆಲ್ ತಟ್ಟೆ ಖಾಲಿ ಮಾಡಿ ಎದ್ದು ಹೊರಗೆ ಬಂದ. ನಾನು ಕೆಲಸ ಹಂಚುತ್ತಿದ್ದೆ. "ಇವತ್ತು ಬೆಳಕು ಚೆನ್ನಾಗಿದೆ, ಗುಡ್ಡಕ್ಕೆ ಹೋಗುತ್ತೇನೆ" ಅಂದ. ಆ ಮುಖದ ಪರಿಚಯ ನನಗಿತ್ತು. ಗಡ್ಡ ಬೋಳಿಸಿಕೊಳ್ಳುವಾಗ ದಿನಾ ಕನ್ನಡಿಯಲ್ಲಿ ಕಾಣುತ್ತಿತ್ತು. ನಾನೂ ಅವನ ಹಿಂದೆ ಹೋದೆ.

ಅವನು ಗುಡ್ಡದ ಮೇಲೆ ಮುಕ್ಕಾಲಿಗೆ ಹಲಗೆ ಹೂಡಿ, ಕಾಗದ ಬಿಗಿದು, ನೋಟ ಹಿಡಿದು ಗೆರೆ ಎಳೆದ. ನಾನು ಬಂಡೆಯ ಮೇಲೆ ಕುಳಿತಿದ್ದೆ. ಏರಿ ಬಂದ ದುರ್ಗಪ್ಪ ನೀರಿನ ಡಬ್ಬಿ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದ.

"ಏನಾಗೇತ್ರಿ ಸಾಹೇಬ್ರ?"

"ಅವರ ಅಣ್ಣನ್ನ ಕೊಂದಾರ, ದುರ್ಗಪ್ಪ. ಅವರ ದೇಶದಾಗ."

ದುರ್ಗಪ್ಪ ಸ್ಯಾಮ್ಯುಯೆಲ್‌ನ ಬಳಿ ಹೋಗಿ ಅವನ ಕೈಯಿಂದ ಪೆನ್ಸಿಲ್ ತೆಗೆದಿಟ್ಟ. ಆ ಎರಡೂ ಕೈಗಳನ್ನು ಹಿಡಿದುಕೊಂಡು ಅಳಲಾರಂಭಿಸಿದ. ತನ್ನ ಮನೆಯಲ್ಲೇ ಸಾವಾದಂತೆ, ಬಾಯಿ ಬಿಟ್ಟು, "ಅಯ್ಯಯ್ಯೋ ನನ್ನಪ್ಪಾ, ಅಣ್ಣನ್ನ ಕಳಕೊಂಡ್ಯಲ್ಲೋ" ಎಂದು ಅತ್ತ. ಸ್ಯಾಮ್ಯುಯೆಲ್ ಅವನನ್ನು ನೋಡುತ್ತ ನಿಂತಿದ್ದ. ನಾನು ಅವರಿಬ್ಬರನ್ನೂ ನೋಡುತ್ತ ಕುಳಿತಿದ್ದೆ. ಒಣಗಿದ ಕಣ್ಣಿನ ಇಬ್ಬರ ನಡುವೆ ಅವನೊಬ್ಬನೇ ಅಳುತ್ತಿದ್ದ. ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ನಿಮಗ ಅಳು ಬರೂದಿಲ್ಲೇನ್ರಿ ಸಾಹೇಬ್ರ?"

ಆಕ್ಷೇಪಣೆಯ ದನಿ ಇರಲಿಲ್ಲ. ಜ್ವರ ಇದೆಯೇ ಎಂದು ಕೇಳುವಂತೆ ಕೇಳಿದ. "ಇಲ್ಲ" ಅಂದೆ.

ಮುಂದಿನ ದಿನಗಳಲ್ಲಿ ಸ್ಯಾಮ್ಯುಯೆಲ್ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹೋಗಿ ಎಲ್ಲರಿಗಿಂತ ತಡವಾಗಿ ಬರುತ್ತಿದ್ದ. ಊಟದ ಸಾಲಿನಲ್ಲಿ 'ಇನ್ನೊಂದು' ಎಂಬ ಮಾತು ನಿಂತಿತು. ನಕ್ಷೆ ಮುಗಿಸಿ ಕೊಟ್ಟ. ಗುಡ್ಡದ ಇಳಿಜಾರಿನ ಗೆರೆಗಳು ಎಷ್ಟು ಸ್ವಚ್ಛವಾಗಿದ್ದವೆಂದರೆ ಮೇಜರ್ ಸಾಹೇಬರು ಅದನ್ನು ಉಳಿದವರಿಗೆ ತೋರಿಸಿದರು. ಅದಾದ ಮೇಲೆ ಅವರು ನನ್ನನ್ನು ಒಳಗೆ ಕರೆದರು.

"ರಘುನಾಥ್, ನಾಳೆ ಜೀಪು ತಯಾರು ಮಾಡಿಸಿ. ಲೆಫ್ಟಿನೆಂಟನನ್ನು ಹಾವೇರಿಯಲ್ಲಿ ಸಂಜೆಯ ಗಾಡಿಗೆ ಹತ್ತಿಸಬೇಕು. ಒಬ್ಬ ಹವಾಲ್ದಾರ ಮುಂಬಯಿ ತನಕ ಹೋಗುತ್ತಾನೆ. ಹೊಸ ಸರ್ಕಾರ ಅವನನ್ನು ವಾಪಸು ಕರೆಸಿದೆ."

"ಕ್ಯಾಪ್ಟನ್ ಮೋಸೆಸ್ ಅವರನ್ನು?"

"ಅವನನ್ನು ಕರೆಸಿಲ್ಲ."

"ಇವರನ್ನು ಕಳಿಸಲೇಬೇಕೆ, ಸರ್?"

ಮೇಜರ್ ಸಾಹೇಬರು ಸಿಟ್ಟಾಗಲಿಲ್ಲ. "ನಮ್ಮ ಒಪ್ಪಂದ ಸರ್ಕಾರದ ಜೊತೆಗಿದೆ. ಇಲ್ಲಿ ಆಶ್ರಯ ಬೇಕೆಂದು ಅವನು ಕೇಳಿದರೆ ನಾನು ದೆಹಲಿಗೆ ತಿಳಿಸಬಲ್ಲೆ. ಎರಡು ಸಲ ಕೇಳಿದೆ. ಬೇಡ ಅಂದ. ಬೇಕಾದರೆ ನೀವೂ ಕೇಳಿ."

ಕೇಳಿದೆ. ಸ್ಯಾಮ್ಯುಯೆಲ್ ಡೇರೆಯಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ.

"ಮನೆಯಲ್ಲಿ ತಾಯಿ ಇದ್ದಾಳೆ, ತಂಗಿಯರಿದ್ದಾರೆ" ಅಂದ. "ನಾನು ಹೋಗದಿದ್ದರೆ ಅವರ ಬಾಗಿಲು ತಟ್ಟುತ್ತಾರೆ. ಹೋದರೆ ನನ್ನೊಬ್ಬನಲ್ಲೇ ಮುಗಿಯಬಹುದು."

ಇನ್ನೊಂದು ಬೂಟನ್ನು ಎತ್ತಿಕೊಂಡ. ನಾನು ಹೊರಗೆ ಬಂದು ಡ್ರೈವರಿಗೆ ಡೀಸೆಲ್ ತುಂಬಿಸಲು ಹೇಳಿದೆ.

ಮರುದಿನ ಪೆಟ್ಟಿಗೆಯನ್ನು ಜೀಪಿಗೆ ಏರಿಸಲು ಕರೆದರೆ ದುರ್ಗಪ್ಪ ಅದರ ಮೇಲೆ ಕೈಯಿಟ್ಟು ನಿಂತುಬಿಟ್ಟ.

"ಸಾಹೇಬ್ರ, ಇವರನ್ನ ಇಲ್ಲೇ ಇಟಗೊಳ್ಳೂಣ್ರಿ. ಚಿಕ್ಕೇರೂರಾಗ ನಮ್ಮ ಮನಿಯಾಗ ಇರ್ಲಿ."

"ಹುಚ್ಚನಾಂಗ ಮಾತಾಡಬ್ಯಾಡ ದುರ್ಗಪ್ಪ. ಇಡೀ ತಾಲೂಕಿನ ಮಂದಿ ನೋಡಾಕ ಬರ್ತಾರ."

"ಬರವಲ್ರ್ಯಾಕ. ನಾನೇನ್ ಬೆಳ್ಳಗದೇನೇನ್ರಿ? ನನ್ನ ಅಳಿಯ ಅಂತೇನಿ. ಯಾರ್ ಏನ್ ಕೇಳ್ತಾರ?"

ಏನಂತೆ ಎಂದು ಸ್ಯಾಮ್ಯುಯೆಲ್ ಕೇಳಿದ. ಹೇಳಿದೆ. ಸುದ್ದಿ ಬಂದ ದಿನದಿಂದ ಮೊದಲ ಸಲ ಅವನು ನಕ್ಕ. ತಲೆ ಹಿಂದಕ್ಕೆ ಚೆಲ್ಲಿ ದೊಡ್ಡದಾಗಿ ನಕ್ಕ. ಆಮೇಲೆ ದುರ್ಗಪ್ಪನ ಭುಜ ಹಿಡಿದು ಕನ್ನಡದಲ್ಲೇ "ಬ್ಯಾಡ" ಅಂದ. ದುರ್ಗಪ್ಪ ಪೆಟ್ಟಿಗೆ ಎತ್ತಿ ಹೆಗಲ ಮೇಲಿಟ್ಟುಕೊಂಡ.

ಜೀಪು ಹೊರಡುವ ಹೊತ್ತಿಗೆ ಕ್ಯಾಪ್ಟನ್ ಮೋಸೆಸ್ ತಮ್ಮ ಡೇರೆಯಿಂದ ಬಂದರು. ಕೆಳಗಿನ ದರ್ಜೆಯವನು ಮೊದಲು ಸಲಾಮು ಮಾಡಬೇಕಾದದ್ದು ಸೈನ್ಯದ ರೀತಿ. ಆದರೆ ಅವರೇ ಮೊದಲು ಕೈಯೆತ್ತಿದರು. ಸ್ಯಾಮ್ಯುಯೆಲ್ ಮರುಸಲಾಮು ಕೊಟ್ಟ.

ದುರ್ಗಪ್ಪ ಕೇಳದೆಯೇ ಜೀಪಿನ ಹಿಂದೆ ಹತ್ತಿ ಕುಳಿತಿದ್ದ. ಹಾವೇರಿಯ ತನಕ ದಾರಿಯುದ್ದಕ್ಕೂ ಹತ್ತಿ ಹೇರಿದ ಚಕ್ಕಡಿಗಳು ಅಡ್ಡ ಬರುತ್ತಿದ್ದವು. ಗಾಡಿ ತಪ್ಪೀತು ಎಂದು ಡ್ರೈವರ್ ಹಾರ್ನ್ ಬಾರಿಸುತ್ತಿದ್ದ. ತಪ್ಪಲಿ ಎಂದಾಗಲಿ ಸಿಗಲಿ ಎಂದಾಗಲಿ ನನಗೆ ಅನ್ನಿಸಲಿಲ್ಲ. ಗಾಡಿ ಸಿಕ್ಕಿತು. ಪ್ಲಾಟ್‌ಫಾರ್ಮಿನಲ್ಲಿ ದುರ್ಗಪ್ಪ ಚಾದ ಅಂಗಡಿಯಿಂದ ಒಂದು ಕಪ್ ಚಾ ತಂದುಕೊಟ್ಟ. ಸ್ಯಾಮ್ಯುಯೆಲ್ ಕುಡಿದ. ನನ್ನ ಕೈ ಕುಲುಕಿ, "ನಿಮ್ಮ ತಾಯಿಗೆ ಊಟ ಚೆನ್ನಾಗಿತ್ತು ಎಂದು ಹೇಳಿ. ಅವತ್ತು ಹೇಳಲು ಮರೆತೆ" ಅಂದ. ಹೇಳುತ್ತೇನೆ ಅಂದೆ. ಹವಾಲ್ದಾರ ಅವನಿಗೆ ಕಿಟಕಿಯ ಪಕ್ಕದ ಜಾಗ ಕೊಟ್ಟಿದ್ದ. ಗಾಡಿ ಹೋಯಿತು. ಮರುದಿನ ಬೆಳಿಗ್ಗೆ ದುರ್ಗಪ್ಪನನ್ನು ಲಂಕೆಯಿಂದ ಬಂದಿದ್ದ ಅಧಿಕಾರಿಯ ಜೊತೆಗೆ ಹಾಕಿದೆ. ಹೋಳಿ ಹುಣ್ಣಿಮೆಯ ಮುಂಚೆ ಕ್ಯಾಂಪು ಎದ್ದಿತು.

ಆಮೇಲಿನ ವರ್ಷಗಳಲ್ಲಿ ನನ್ನನ್ನು ನಗರದ ತರಬೇತಿ ಕೇಂದ್ರಕ್ಕೇ ಹಾಕಿದರು. ಎಂಬತ್ತರ ದಶಕದ ನಡುವೆ ಆ ದೇಶದಿಂದ ಮತ್ತೊಂದು ತಂಡ ಬಂತು. ಒಬ್ಬ ಕಿರಿಯ ಅಧಿಕಾರಿಯನ್ನು ಪಕ್ಕಕ್ಕೆ ಕರೆದು ಸ್ಯಾಮ್ಯುಯೆಲ್‌ನ ಪೂರ್ತಿ ಹೆಸರು ಹೇಳಿ ವಿಚಾರಿಸಿದೆ. ಅವನು ಬಾಗಿಲ ಕಡೆ ನೋಡಿದ. "ಆ ಹೆಸರಿನವರು ನಮ್ಮ ಸೈನ್ಯದಲ್ಲಿ ಯಾವತ್ತೂ ಇರಲಿಲ್ಲ, ಸರ್" ಅಂದ. ಮತ್ತೆ ಕೇಳಬೇಡಿ ಎಂಬಂತಿತ್ತು ಆ ದನಿ. ಗಂಟೆ ಹೊಡೆಯಿತು. ಪಾಠಕ್ಕೆ ಹೋದೆ.

ಆ ಬೇಸಿಗೆಯ ರಜೆಯಲ್ಲಿ ಊರಿಗೆ ಬಂದಾಗ ಚಿಕ್ಕೇರೂರಿಗೆ ಹೋದೆ. ದುರ್ಗಪ್ಪನಿಗೆ ಹಲ್ಲು ಬಿದ್ದಿದ್ದವು. ನನ್ನನ್ನು ಕಂಡು ಹೊರಸಿನ ಮೇಲಿನ ಕೌದಿ ಸರಿಮಾಡಿ, "ಕುಂದರ್ರಿ, ಕುಂದರ್ರಿ" ಎಂದು ಉಪಚಾರ ಮಾಡಿದ. ಅವನ ಹೆಂಡತಿ ಮಜ್ಜಿಗೆ ತಂದಳು. ನಾನು ಕುಡಿಯುತ್ತೇನೋ ಇಲ್ಲವೋ ಎಂದು ಬಾಗಿಲಲ್ಲೇ ಅನುಮಾನಿಸಿದಳು. ಇಸಿದುಕೊಂಡು ಕುಡಿದೆ.

"ಶಾಮಣ್ಣ ಸಾಹೇಬ್ರ ಸುದ್ದಿ ಏನರ ಗೊತ್ತಾತೇನ್ರಿ?"

"ಕೇಳಿದ್ದೆ ದುರ್ಗಪ್ಪ. ಅಂಥಾ ಹೆಸರಿನವರು ಅವರ ದಂಡಿನಾಗ ಇರಲೇ ಇಲ್ಲಂತ."

ಹೊರಗೆ ಯಾರದೋ ಎಮ್ಮೆ ಕೂಗುತ್ತಿತ್ತು.

"ಇರಲಿಲ್ಲ ಅಂದ್ರ ಹೆಂಗ್ರಿ? ನನ್ನ ಬಾಜೂಕ ಕುಂತು ಉಂಡಾರಲ್ರಿ."

ದುರ್ಗಪ್ಪ ಎದ್ದು ಕೈಕಾಲು ತೊಳೆದು ಬಂದ. ಗೋಡೆಯ ಮೇಲಿನ ಬುದ್ಧನ ಚಿತ್ರದ ಮುಂದೆ ಮೇಣದ ಬತ್ತಿ ಹಚ್ಚಿದ.

"ನಮ್ಮ ಕಡೆ ಹೋದವರ ಹೆಸರ್ಲೆ ಬುದ್ಧವಂದನಾ ಹೇಳ್ತೇವ್ರಿ. ಅವರು ಇದ್ರ ಅವರಿಗೆ ಚಲೋ ಆಗ್ಲಿ. ಇಲ್ದಿದ್ರ, ಹೇಳಾಕ ಒಬ್ಬರರ ಇದ್ದಂಗಾತು. ನೀವೂ ನಿಂದರ್ರಿ ಸಾಹೇಬ್ರ."

ಎದ್ದು ನಿಂತೆ. ಅವನು ಕೈಮುಗಿದ. ಸುರುಮಾಡುವ ಮೊದಲು ಏನೋ ನೆನಪಾದವನಂತೆ ನನ್ನ ಕಡೆ ತಿರುಗಿದ.

"ನಿಮ್ಮ ಮನಿಯವರ ಹೆಸರೇನ್ರಿ? ಅವರದೂ ಕೂಡಿಸಿ ಹೇಳ್ತೇನಿ."

ಅವಳು ತೀರಿಕೊಂಡದ್ದು ಸವಣೂರಿನಲ್ಲೇ ಖಲಾಸಿಗಳ ಕಿವಿಗೂ ಬಿದ್ದಿತ್ತು, ಆದರೆ ಅವಳ ಹೆಸರನ್ನು ಕ್ಯಾಂಪಿನಲ್ಲಿ ಯಾರಿಗೂ ನಾನು ಹೇಳಿರಲಿಲ್ಲ. ಮನೆಯಲ್ಲೂ ಅವ್ವ 'ಅಕಿ' ಅನ್ನುತ್ತಿದ್ದಳು, ನಾನೂ 'ಅಕಿ' ಅನ್ನುತ್ತಿದ್ದೆ. ಹೇಳಬೇಕೆಂದು ಬಾಯಿ ತೆರೆದರೆ ಮೊದಲು ಬಂದದ್ದೂ 'ಅಕಿ' ಎಂದೇ. ದುರ್ಗಪ್ಪ ಅವಸರ ಮಾಡಲಿಲ್ಲ, ಕೈಮುಗಿದುಕೊಂಡೇ ಕಾದ.

"ಶಾಂತಾ" ಅಂದೆ.

"ಶಾಂತಾಬಾಯಾರು" ಎಂದು ಅವನು ನಿಧಾನವಾಗಿ ಹೇಳಿಕೊಂಡ. ಆಮೇಲೆ ಕಣ್ಣು ಮುಚ್ಚಿ ಸುರುಮಾಡಿದ. ನಾನು ಹಿಡಿಯಬೇಕಿದ್ದ ಹಾವೇರಿಯ ಕೊನೆಯ ಬಸ್ಸು ಊರ ಮುಂದೆ ಬಂದು ಹಾರ್ನ್ ಹಾಕಿತು. ನಾನು ನಿಂತಲ್ಲೇ ನಿಂತಿದ್ದೆ.